ಎಂಜಲು ಸೂಜಿ

ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗೆ ಎಚ್‌ಐವಿ ಅಂಟದಿರಲೆಂದು ಕೊಪ್ಪದ ಸುತ್ತ ಹೊಸ ಸಿರಿಂಜು ಹಂಚುವುದು ನನ್ನ ಕೆಲಸ. ಬಾಳೆಹೊನ್ನೂರಿನಲ್ಲಿ ಪೇಂಟಿಂಗ್ ಮಾಡುವ ಸುರೇಶ ಮಾತ್ರ ಬೇಡವೆಂದ.

"ನಂಗೂ ಇವನಿಗೂ ಒಂದೇ ಸಾಕು ಮಾರಾಯ್ರೆ. ನಾವೇನು ಬೇರೆಯವರಾ?"

ಅಷ್ಟರಲ್ಲಿ ಪಕ್ಕದಲ್ಲಿದ್ದ ಗೆಳೆಯ ಸುರೇಶನ ಬಾಟಲಿಗೆ ಬಾಯಿಟ್ಟು ನೀರು ಕುಡಿದ. ಸುರೇಶ ರೇಗಿದ.

"ಥೂ, ಎತ್ತಿ ಕುಡಿಯೋಕೆ ಎಂತ ಧಾಡಿ ನಿಂಗೆ? ಎಲ್ಲಾ ಎಂಜಲು ಮಾಡಿದ್ಯಲ್ಲ!"

"ಆ ನೀರಿಂದ ಎಚ್‌ಐವಿ ಬರೋದಿಲ್ಲ" ಎಂದೆ. "ಸೂಜಿಯಲ್ಲಿ ಉಳಿದ ರಕ್ತದಿಂದ ಬರಬಹುದು. ಅದು ಎಂಜಲಲ್ವಾ?"

ಸುರೇಶ ಗೆಳೆಯನನ್ನೊಮ್ಮೆ ನೋಡಿ, ಇಬ್ಬರಿಗೂ ಬೇರೆ ಬೇರೆ ಸಿರಿಂಜು ತೆಗೆದುಕೊಂಡ.

"ಇದನ್ನ ಮೊದಲೇ ಹೇಳೋದಲ್ವಾ?"

ತಿಂಗಳುಗಟ್ಟಲೆ ವೈರಸ್ಸಿನ ಚಿತ್ರ ತೋರಿಸಿ ಹೇಳಿದ್ದೆ. ನಮ್ಮ ಮೈಕ್ರೋಬಯಾಲಜಿ ಸಿಲಬಸ್ಸಿನಲ್ಲಿ ಎಂಜಲಿನ ಪಾಠ ಇರಲಿಲ್ಲ.