ಅಪ್ಪನ ಹೆಸರಿಗೆ ಬಂದ ಹದಿನಾಲ್ಕನೇ ಸ್ಥಾನ

ಗೋವಾದ ಪೋಕರ್ ಇಸ್ಪೀಟಿನ ಸರಣಿಯ ಫಲಿತಾಂಶ ಬಂದಾಗ ನನಗೆ ಹದಿನಾಲ್ಕನೇ ಸ್ಥಾನ. ನೂರಾರು ಜನ ಆಡಿದ್ದ ಪಂದ್ಯ, ಕುಣಿದಾಡಬೇಕಿತ್ತು. ಪಟ್ಟಿ ನೋಡಿದವಳೇ ಫೋನನ್ನು ಬೋರಲು ಹಾಕಿದೆ.

ಅರ್ಜಿಯಲ್ಲಿ ಸರ್‌ನೇಮ್ ಕಡ್ಡಾಯ ಅಂದಿದ್ದರು. ನಮಗೆಲ್ಲಿಯ ಸರ್‌ನೇಮ್? ಆ ಜಾಗಕ್ಕೆ ಅಪ್ಪನ ಹೆಸರು ತುಂಬಿದ್ದೆ. ಪಟ್ಟಿ ಮಾಡಿದ ಪುಣ್ಯಾತ್ಮರು ನನ್ನ ಹೆಸರನ್ನು ಒಂದೇ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಅಪ್ಪನದನ್ನು ಪೂರ್ತಿ ಹಾಕಿ, ಪಕ್ಕದಲ್ಲಿ ಸಂತೇಬೆನ್ನೂರು ಅಂತ ಊರನ್ನೂ ಬರೆದಿದ್ದರು. ಆ ಅಕ್ಷರವೂ ಅಪ್ಪನ ಇನಿಷಿಯಲ್ಲೂ ಒಂದೇ. ಓದಿದವರಿಗೆಲ್ಲ ಅದು ನಮ್ಮೂರಿನ ನಿವೃತ್ತ ಹೆಡ್‌ಮಾಸ್ತರಾದ ಅಪ್ಪನದೇ ಹೆಸರು. ಇಸ್ಪೀಟು ಹಿಡಿದ ಹುಡುಗರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದವರು ಅವರು. ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ತರಬೇತಿಗೆ ಹೋಗಿದ್ದಾಳೆ ಅಂತಲೇ ನಂಬಿದ್ದರು.

ವಾಪಸ್ ಬರುವಾಗ ಹೊನ್ನಾಳಿಯಲ್ಲಿ ಬಸ್ಸು ನಿಂತಿತ್ತು. ಅಪ್ಪನ ಫೋನ್ ಬಂತು.

"ಎಲ್ಲಿದೀಯಮ್ಮಾ? ನನ್ನ ಹಳೇ ಸ್ಟೂಡೆಂಟ್ ಒಬ್ಬ ಏನೋ ಪಟ್ಟಿ ಕಳಿಸ್ಯಾನೆ. ಬೇಗ ಬಾ."

ಬಸ್ಸು ಕೆಟ್ಟು ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ಹಾಳಾದ್ದು, ಅವತ್ತು ಅರ್ಧ ಗಂಟೆ ಮೊದಲೇ ಊರು ಸೇರಿತು.

ಅಪ್ಪ ಮಂಚದ ಮೇಲೆ ಆಧಾರ್ ಕಾರ್ಡು, ವೋಟರ್ ಐಡಿ ಎಲ್ಲ ಹರವಿಕೊಂಡು ನಿಂತಿದ್ದರು. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದರು. ಅವರು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನನ್ನ ಆಧಾರ್ ಇಟ್ಕೊಂಡು ಯಾರೋ ಜೂಜಾಡ್ಯಾರೆ. ನಾಳೆ ಪೊಲೀಸರು ನನ್ನೇ ಹಿಡಿದ್ರೆ ಹೆಂಗಮ್ಮಾ? ಒಂದು ಕಂಪ್ಲೇಂಟ್ ಬರೆದುಕೊಡು. ಸ್ಟೇಷನ್ನಿಗೆ ಹೋಗಾಕೆ ಇನ್ನೂ ಟೈಮ್ ಐತೆ."

ಬರೆಯಲು ಕುಳಿತೆ. ಹೌದು, ಕುಳಿತೆ, ಅಷ್ಟು ಹೇಡಿ ನಾನು. 'ಯಾರೋ ಅಪರಿಚಿತ ವ್ಯಕ್ತಿ' ಎಂದು ನನ್ನ ಮೇಲೆ ನಾನೇ ದೂರು ಬರೆದೆ. ಸಹಿ ಹಾಕಲು ಬಗ್ಗಿದ ಅಪ್ಪ ತಮ್ಮ ಹೆಸರನ್ನೇ ತಪ್ಪು ಬರೆದು, ಹೊಡೆದುಹಾಕಿ, ಮತ್ತೆ ಬರೆಯತೊಡಗಿದರು. ಅದನ್ನು ನೋಡಲಾಗಲಿಲ್ಲ.

"ಅಪ್ಪಾಜಿ, ಅದು ನಾನೇ. ನಾನೇ ಆಡಿದ್ದು."

ಅಪ್ಪ ಕುಸಿದು ಕುಳಿತರು. "ಅಬ್ಬಾ, ನೀನಾ!" ಎಂದರು. ಕಳ್ಳರಲ್ಲ ಎಂಬ ಸಮಾಧಾನಕ್ಕೆ ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಕುಡಿದರು. ನನಗೂ ಹೋದ ಜೀವ ಬಂದಂತಾಯಿತು. ಇನ್ನು ಬೈದರೆ ಬೈಯಲಿ ಅಂದುಕೊಂಡೆ.

ಬೈಯಲಿಲ್ಲ. ಕಾರ್ಡುಗಳನ್ನು ಕವರಿಗೆ ಹಾಕುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು.

"ಎಷ್ಟು ವರ್ಷದಿಂದ ಹೋಗ್ತಿದೀಯ?"

"ಮೂರು."

"ಹೋದ ವರ್ಷ ನಿಮ್ಮವ್ವನ ತಿಥಿಗೆ ಬರಲಿಲ್ಲ. ಪೇಪರ್ ತಿದ್ದಾಕೆ ಹಾಕ್ಯಾರೆ ಅಂತ ನೀನೇ ಅಂದಿದ್ದೆ. ಆವಾಗಲೂ ಇದೇನಾ?"

ಇಲ್ಲ ಅಂದುಬಿಡಬಹುದಿತ್ತು. ಅಪ್ಪನೂ ನಾನು ಇಲ್ಲ ಅನ್ನಲಿ ಎಂದೇ ನನ್ನ ಮುಖ ನೋಡುತ್ತಿದ್ದರು. "ಹೌದು, ಅಪ್ಪಾಜಿ," ಎಂದೆ.