ಕಂಬಳಿ ಪಕ್ಕಕ್ಕಿಟ್ಟು ಆಡಿದ ಮಾತು

ನನ್ನ ಸೋದರಮಾವ ಸಣ್ಣೀರಪ್ಪ ಸುಳ್ಳು ಹೇಳುವ ಮುಂಚೆ ಹೆಗಲ ಮೇಲಿನ ಕಂಬಳಿ ತೆಗೆದು ಪಕ್ಕಕ್ಕಿಡುತ್ತಿದ್ದ. ನಮ್ಮಲ್ಲಿ ದೇವರಿಗೆ ಗದ್ದಿಗೆ ಹಾಕುವುದು ಕಂಬಳಿಯ ಮೇಲೆ. ಅದನ್ನು ಹೊದ್ದುಕೊಂಡು ಸುಳ್ಳಾಡುವುದು ಅವನಿಂದ ಆಗುತ್ತಿರಲಿಲ್ಲ. ಹಾಗಂತ ಸುಳ್ಳು ಬಿಡುವುದೂ ಆಗುತ್ತಿರಲಿಲ್ಲ. ಯಲ್ಲದಕೆರೆಯಲ್ಲಿ ಕುರಿ ಕಾಯುತ್ತಿದ್ದವನು. ಕುರಿ ಬಿಡಬಾರದ ಸರ್ಕಾರಿ ಹುಲ್ಲುಗಾವಲಿನಲ್ಲಿ ಗಾರ್ಡು ಎದುರಾದರೆ ಕಂಬಳಿಯನ್ನು ಬೇಲಿಯ ಮೇಲೆ ಹಾಕಿ, "ಇವು ನನ್ನ ಕುರಿ ಅಲ್ಲ ಬುದ್ಧಿ, ದಾರಿ ತಪ್ಪಿ ಬಂದವೆ" ಎನ್ನುತ್ತಿದ್ದ. ಕುರಿಗಳೋ ಅವನ ಕಾಲು ಬಿಟ್ಟು ಕದಲುತ್ತಿರಲಿಲ್ಲ.

ನನ್ನನ್ನು ಹೊಸದುರ್ಗಕ್ಕೆ ಕೊಡುವಾಗ ಗಂಡಿನ ಕಡೆಯವರ ಮುಂದೆ, "ನಮ್ಮುಡುಗಿ ಹೋಳಿಗೆ ಮಾಡಿದ್ರೆ ಊರೇ ಎದ್ದು ಬರ್ತೈತೆ" ಎಂದವನೂ ಅವನೇ. ನಾನು ಅಲ್ಲಿಯವರೆಗೆ ಒಂದು ಹೋಳಿಗೆಯನ್ನೂ ತಟ್ಟಿರಲಿಲ್ಲ. ಕಂಬಳಿ ಬಾಗಿಲ ಮೂಲೆಯಲ್ಲಿತ್ತು.

ನನ್ನ ಮದುವೆಯಾದ ವರ್ಷವೇ ದೇಶಕ್ಕೆ ಸ್ವಾತಂತ್ರ್ಯ ಬಂತು. ಬಾವುಟ ಹಾರಿಸಿ ಸಕ್ಕರೆ ಹಂಚಿದ್ದೂ ಆಯಿತು. ಆದರೆ ನಮ್ಮ ಮೈಸೂರು ಸೀಮೆಯ ಆಡಳಿತ ಇನ್ನೂ ಅರಮನೆಯ ಕೈಯಲ್ಲೇ ಇತ್ತು. ಜನ ಆರಿಸಿದವರೇ ಆಳಬೇಕೆಂದು ಊರೂರಲ್ಲಿ ಮೆರವಣಿಗೆಗಳು ಹೊರಟವು. ನನ್ನನ್ನು ನೋಡಿಕೊಂಡು ಹೋಗಲು ಬಂದ ಮಾವ ಹೊಸದುರ್ಗದ ಮೆರವಣಿಗೆಗೆ ಸೇರಿಕೊಂಡುಬಿಟ್ಟ.

ತಮಾಷೆಯೆಂದರೆ ಅವನ ಮನೆಯ ಗೋಡೆಯಲ್ಲಿ ಮಹಾರಾಜರ ಪಟವಿತ್ತು. ಸೋಮವಾರ ಅದಕ್ಕೂ ಊದುಬತ್ತಿ. ಮೆರವಣಿಗೆಯಲ್ಲಿ ಯಾರಾದರೂ ಮಹಾರಾಜರ ಹೆಸರೆತ್ತಿದರೆ ಕೆರ ಕಳಚಿ ಕೈಮುಗಿಯುತ್ತಿದ್ದ. ಮತ್ತೆ ಮೆಟ್ಟಿಕೊಂಡು "ಜವಾಬ್ದಾರಿ ಸರ್ಕಾರ ಬೇಕು" ಎಂದು ಕೂಗುತ್ತಿದ್ದ. ಇದೇನು ಮಾವ ಅಂದರೆ, "ದೊರೆ ಬ್ಯಾರೆ, ದರ್ಬಾರು ಬ್ಯಾರೆ ಕಣವ್ವ. ಅವ್ರು ಚೆಂದಾಗಿರ್ಲಿ. ಕುರಿ ಎಲ್ಲಿ ಮೇಯ್ಬೇಕು ಅಂತ ನನ್ನೂ ಒಂದ್ಮಾತು ಕೇಳ್ಲಿ, ಅಷ್ಟೇಯ" ಎಂದ.

ಎರಡನೇ ದಿನ ಪೊಲೀಸರು ಅವನನ್ನು ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೂರಿಸಿದರು. ಯಲ್ಲದಕೆರೆಯಲ್ಲಿ ಅವನ ಹೆಂಡತಿ, ನನ್ನ ಅತ್ತೆ, ದಿನ ತುಂಬಿದ ಬಸುರಿ. ಹಿಂದಿನ ಎರಡು ಹೆರಿಗೆಯಲ್ಲೂ ಮಗು ಉಳಿದಿರಲಿಲ್ಲ. ನಾನು ಬುತ್ತಿ ಹಿಡಿದು ಓಡಿದೆ. ಅಮಲ್ದಾರರು ಕೆಟ್ಟವರಲ್ಲ. "ತಿಳೀದೆ ಕೂಗಿದೆ, ಇನ್ನು ಕೂಗಲ್ಲ ಅಂತ ಹೇಳಯ್ಯ, ಬಿಟ್ಬಿಡ್ತೀನಿ" ಎಂದರು. ಹಾಗೆ ಹೇಳಿ ಆಗಲೇ ನಾಲ್ಕು ಜನ ಮನೆ ಸೇರಿದ್ದರು.

ಸುಳ್ಳು ನಮ್ಮ ಮಾವನಿಗೆ ಕಷ್ಟವೇ? "ಕಂಬಳಿ ಇತ್ತ ಕೊಡು ಮಾವ" ಎಂದು ಅದರ ಅಂಚು ಹಿಡಿದೆಳೆದೆ. ಅವನು ಬಿಗಿಯಾಗಿ ಹಿಡಿದುಕೊಂಡ.

"ಅತ್ತೆ ಒಬ್ಳೇ ಅದಾಳೆ" ಎಂದೆ.

ಅವನ ಕಣ್ಣು ತುಂಬಿತು. "ಗೊತ್ತೈತೆ ಕಣವ್ವ. ಗಾರ್ಡಿಗೆ ಹೇಳೋದು ಬ್ಯಾರೆ. ಇದು ಕಂಬಳಿ ತೆಗೆದಿಟ್ಟು ಹೇಳೋ ಮಾತಲ್ಲ."

ಆಮೇಲೆ ಕಂಬಳಿಯನ್ನು ಸರಿಯಾಗಿ ಹೊದ್ದುಕೊಂಡು, "ತಿಳ್ದೇ ಕೂಗಿದೀನಿ ಬುದ್ಧಿ. ಬಿಟ್ರೆ ನಾಳೀಕೂ ಕೂಗ್ತೀನಿ" ಎಂದ. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ದಿನ ಅಳುತ್ತಾ ಬೈದೆ.

ಅವನನ್ನು ಚಿತ್ರದುರ್ಗದ ಜೈಲಿಗೆ ಕಳಿಸಿದರು. ಹೊರಬರುವಷ್ಟರಲ್ಲಿ ಅರಮನೆಯವರು ಒಪ್ಪಿಕೊಂಡು ಜನರ ಮಂತ್ರಿಗಳು ಬಂದಿದ್ದರು. ಅತ್ತೆಯ ಮಡಿಲಲ್ಲಿ ಹೆಣ್ಣುಮಗುವಿತ್ತು, ಗುಂಡುಗುಂಡಾಗಿ. ಮಹಾರಾಜರ ಪಟ ಗೋಡೆಯಲ್ಲೇ ಉಳಿಯಿತು, ಊದುಬತ್ತಿಯೂ ನಿಲ್ಲಲಿಲ್ಲ.

ಬಹಳ ವರ್ಷಗಳ ಮೇಲೆ ಅವನಿಗೆ ಕಾಯಿಲೆಯೆಂದು ಕೇಳಿ ಯಲ್ಲದಕೆರೆಗೆ ಹೋದೆ. ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಅಷ್ಟೆತ್ತರದ ಮನುಷ್ಯ ಇಷ್ಟೇ ಇಷ್ಟಾಗಿದ್ದ. ಬಸ್ಸಿಗೆ ಹೊತ್ತಾಗಿ ಎದ್ದಾಗ ನನಗೆ ತಡೆಯಲಾಗಲಿಲ್ಲ. "ಹುಷಾರಾಗ್ತೀಯ ಅಲ್ವಾ ಮಾವ?" ಎಂದು ಕೇಳಿಯೇಬಿಟ್ಟೆ.

ಅವನು ನನ್ನ ಮುಖವನ್ನೇ ನೋಡಿದ. ಮೈಮೇಲಿನ ಕಂಬಳಿಯನ್ನು ಸರಿಸಿ, ಮಡಚಿ, ಪಕ್ಕಕ್ಕಿಟ್ಟ.

"ನಂಗೇನಾಗೈತೆ? ಬರೋ ವಾರ ನಾನೇ ಹೊಸದುರ್ಗಕ್ಕೆ ಬರ್ತೀನಿ. ಹೋಳಿಗೆ ಮಾಡಿರು" ಎಂದ.

ಮಾಡಿರ್ತೀನಿ ಎಂದೆ. ಕಂಬಳಿಯನ್ನು ಮತ್ತೆ ಅವನಿಗೆ ಹೊದಿಸಿ ಹೊರಟೆ.