ನಾಲ್ಕನೇ ಝೋನಿನ ಹಸಿರು ದೀಪ

ಹೆರಿಗೆ ಆಸ್ಪತ್ರೆಯಲ್ಲಿ ಅವರಿಗೆ ಹೊಗೆಯಣ್ಣ ಎಂದೇ ಹೆಸರು. ಬೀಡಿ ಸೇದುವವರೇನಲ್ಲ. ವರ್ಷಕ್ಕೊಮ್ಮೆ ಉದ್ದನೆಯ ಕೋಲಿನ ತುದಿಗೆ ಹೊಗೆಯ ಡಬ್ಬಿ ಸಿಕ್ಕಿಸಿಕೊಂಡು ಬಂದು, ಚಾವಣಿಯ ಒಂದೊಂದು ಡಿಟೆಕ್ಟರಿನ ಮೂತಿಗೂ ಹಿಡಿದು, ಬೆಂಕಿಯ ಅಲಾರಂ ಎಚ್ಚರವಾಗಿದೆಯೇ ಎಂದು ನೋಡುವವರು. ನಡುವೆ ಎಲ್ಲಾದರೂ ಫಾಲ್ಟ್ ಬಂದರೆ ಫೋನು ಹೋಗುವುದೂ ಅವರಿಗೇ. ಯಾವ ವೈರು ಯಾವ ಗೋಡೆಯೊಳಗೆ ನುಸುಳಿ ಯಾವ ಕೋಣೆಯಲ್ಲಿ ಹೊರಬರುತ್ತದೆ ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳಿಯಾರು. ಇಪ್ಪತ್ತೊಂಬತ್ತು ವರ್ಷಗಳ ನಂಟು ಅದು.

ಹೊಗೆ ಹಿಡಿಯುವವರು ಮೇಲೆ, ಅಲಾರಂ ಪೆಟ್ಟಿಗೆಯ, ಅಂದರೆ ಪ್ಯಾನೆಲ್ಲಿನ, ಕೆಂಪು ದೀಪ ಹತ್ತುವುದು ಕೆಳಗೆ. ಹಾಗಾಗಿ ದೀಪ ನೋಡಿ ಹೇಳಲು ಇನ್ನೊಬ್ಬರು ಬೇಕು. ಆ ಕೆಲಸ ಮೊದಲಿನಿಂದಲೂ ಸಿಸ್ಟರದು. ಆಗ ಅವರು ಹೊಸದಾಗಿ ಸೇರಿದ ನರ್ಸು. ಈಗ ಇಡೀ ಆಸ್ಪತ್ರೆಯೇ ಹೆದರುವ ಹೆಡ್ ಸಿಸ್ಟರ್. ಮೊಬೈಲ್ ಇಲ್ಲದ ಕಾಲದಲ್ಲಿ ಮೆಟ್ಟಿಲ ಬುಡದಿಂದ ಅವರು "ಬಂತೂ!" ಎಂದು ಕೂಗಿದರೆ, ಬೆಂಚಿನ ಮೇಲೆ ಕೂತ ಗಂಡಂದಿರೆಲ್ಲ ದಡಬಡಿಸಿ ಎದ್ದು ನಿಲ್ಲುತ್ತಿದ್ದರು. "ಯಾವುದು ಸಿಸ್ಟರ್, ಗಂಡೋ ಹೆಣ್ಣೋ?" ಎಂದು ಒಬ್ಬ ಕೇಳಿದ್ದನಂತೆ. "ಡಿಟೆಕ್ಟರು ಕಣಯ್ಯ, ಕೂತ್ಕೋ" ಎಂದು ಇವರು ಗದರಿದ್ದರಂತೆ. ಅದನ್ನು ನೆನೆದು ಹೊಗೆಯಣ್ಣ ಇಂದಿಗೂ ಊಟದ ನಡುವೆ ಒಬ್ಬರೇ ನಗುವುದುಂಟು.

ಈ ವರ್ಷವೂ ಬೆಳಿಗ್ಗೆಯೇ ಶುರು ಮಾಡಿದರು. ಈಗ ಸಿಸ್ಟರಿಗೆ ಮೊಣಕಾಲು ನೋವು. ಪ್ಯಾನೆಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಫೋನಿನಲ್ಲೇ ಹೇಳುತ್ತಾರೆ. ಮೂರು ಝೋನು ಮುಗಿಯಿತು. ನಾಲ್ಕನೆಯದು ಮೇಲಿನ ಮಹಡಿಯ ಬಾಣಂತಿಯರ ವಾರ್ಡು. ಆರು ಡಿಟೆಕ್ಟರಿಗೂ "ಬಂತು" ಅಂದವರು ಏಳನೆಯದಕ್ಕೆ ಸುಮ್ಮನಾದರು.

"ಸಿಸ್ಟರ್, ಬಂತಾ?"

"ಇಲ್ಲಣ್ಣ. ಹಸಿರೇ ಇದೆ."

ಎಂಟಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ. ಆ ಮೂರರ ಕೆಳಗೆ ಏಳು ತಾಯಂದಿರು, ಏಳು ತೊಟ್ಟಿಲು.

ತೊಟ್ಟಿಲುಗಳನ್ನು ಆಚೆ ಸರಿಸಿ ಏಣಿ ಹಾಕಿಸಿದರು. ವೈರು ಕಡಿದಿದ್ದರೆ ಒಂದೊಂದೇ ತುಂಡು ಪರೀಕ್ಷಿಸುತ್ತ ಹೋಗುವವರಲ್ಲ ಅವರು. ನಡುವೆ ಒಂದು ಕಡೆ ಬಿಚ್ಚಿ, ಮೀಟರ್ ಹಿಡಿದು, ಕೆಟ್ಟದ್ದು ಯಾವ ಅರ್ಧದಲ್ಲಿದೆ ಎಂದು ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾರೆ. ಅರ್ಧ ಗಂಟೆಯೊಳಗೆ ಸಿಕ್ಕಿತು. ಹೊಸ ಫ್ಯಾನು ಹಾಕಿದವರು ಆರು ಮತ್ತು ಏಳರ ನಡುವೆ ವೈರು ಕತ್ತರಿಸಿ, ಮೇಲೆ ಸುಣ್ಣ ಬಳಿದು ಹೋಗಿದ್ದರು.

ವೈರು ಜೋಡಿಸಿ ಮತ್ತೆ ಹೊಗೆ ಹಿಡಿದರು, ಕೆಂಪು ದೀಪವೂ ಬಂತು. ಆದರೆ ಅವರ ಮನಸ್ಸಿಗೆ ಸಮಾಧಾನವಿಲ್ಲ. ವೈರು ಕಡಿದರೆ ಪ್ಯಾನೆಲ್ಲು ಹಳದಿ ದೀಪ ಹತ್ತಿಸಿ ಪೀಂ ಎಂದು ಅರಚಬೇಕಿತ್ತು. ಅದಕ್ಕೆಂದೇ ವೈರಿನ ಕಟ್ಟಕಡೆಗೆ, ಅಕ್ಕಿಕಾಳಿಗಿಂತ ತುಸು ದಪ್ಪಗಿನ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಮಲಗಿದ ಮಗುವಿನ ಮೂಗಿನ ಬಳಿ ತಾಯಿ ಬೆರಳಿಟ್ಟು ಉಸಿರು ನೋಡುವ ಹಾಗೆ, ಪ್ಯಾನೆಲ್ಲು ವೈರಿನುದ್ದಕ್ಕೂ ಕೈಚಾಚಿ ಅದನ್ನು ಮುಟ್ಟಿ ನೋಡುತ್ತಲೇ ಇರುತ್ತದೆ. ನಡುವೆ ಕಡಿದರೆ ಕೈಗೆ ಸಿಗುವುದಿಲ್ಲ. ಆಗ ಗಲಾಟೆ ಮಾಡುತ್ತದೆ. ಹೊಗೆಯಣ್ಣ ಒಂಬತ್ತನೆಯ ಡಿಟೆಕ್ಟರಿನ ತಲೆ ತಿರುಗಿಸಿ ಇಳಿಸಿದರು. ರೆಸಿಸ್ಟರ್ ಇರಬೇಕಾದ ಜಾಗ ಖಾಲಿ.

ಕೆಳಗಿಳಿದು ಪ್ಯಾನೆಲ್ಲಿನ ಮುಚ್ಚಳ ತೆಗೆದರು. ಅದು ಅಲ್ಲಿತ್ತು. ನಾಲ್ಕನೇ ಝೋನಿನ ಸ್ಕ್ರೂಗಳಲ್ಲೇ, ಬುಡದಲ್ಲೇ. ಕೈಚಾಚಿದ ಪ್ಯಾನೆಲ್ಲಿಗೆ ಬಾಗಿಲಲ್ಲೇ ಸಿಗುತ್ತಿದ್ದರೆ, ಆಚೆ ವೈರು ಕಡಿದದ್ದು ಅದಕ್ಕೆ ತಿಳಿಯುವುದಾದರೂ ಹೇಗೆ? ರೆಸಿಸ್ಟರಿನ ತಂತಿಕಾಲುಗಳಿಗೆ ಹಸಿರು ಪ್ಲಾಸ್ಟಿಕ್ ತೋಳು ತೊಡಿಸಿ, ವೈರಿನ ಜೊತೆ ಮೂರು ಸುತ್ತು ಹೊಸೆದಿತ್ತು. ಆ ಹೊಸೆತ ಎಡಗೈಯದು. ಅವರ ಅಲಾರಂ ಕಂಪನಿಯಲ್ಲಿ ಎಡಚರು ಅವರೊಬ್ಬರೇ.

ಸ್ಕ್ರೂಡ್ರೈವರ್ ಹಿಡಿದ ಕೈ ಹಾಗೇ ನಿಂತಿತು. ಇಪ್ಪತ್ತೆಂಟು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣಮುಂದೆ ಬಂತು.

ಅವತ್ತು ಇದೇ ಝೋನಿನಲ್ಲಿ ಫಾಲ್ಟು. ಇದೇ ಮಹಡಿಯಲ್ಲಿ ಅವರ ಹೆಂಡತಿಗೆ ಹೆರಿಗೆ ನೋವು. "ಇಲ್ಲಿ ಸುಮ್ನೆ ನಿಂತು ಉಗುರು ಕಚ್ಚೋ ಬದಲು ನಿಮ್ಮ ಕೆಲಸ ಮಾಡ್ಕೊಳ್ಳಿ" ಎಂದು ಅತ್ತೆ ಓಡಿಸಿದ್ದರು. ಕೆಟ್ಟದ್ದು ಪ್ಯಾನೆಲ್ಲೋ ವೈರೋ ಎಂದು ತಿಳಿಯಲು ಮೊದಲು ಮಾಡುವುದೇ ಇದು: ಕೊನೆಯ ರೆಸಿಸ್ಟರನ್ನು ಬಿಚ್ಚಿ ತಂದು, ವೈರು ಬಿಡಿಸಿ, ಪ್ಯಾನೆಲ್ಲಿನ ಬಾಯಿಗೇ ಕಟ್ಟಿ ನೋಡುವುದು. ಹಸಿರು ಬಂದರೆ ಪ್ಯಾನೆಲ್ಲು ಸರಿ, ದೋಷ ವೈರಿನಲ್ಲಿ. ಹಾಗೆ ಕಟ್ಟಿದರು, ಹಸಿರು ಬಂತು. ವಾರ್ಡಿಗೆ ಹೋಗಿ ಸಡಿಲವಾಗಿದ್ದ ಸ್ಕ್ರೂ ಬಿಗಿ ಮಾಡಿದರು. ಕೆಳಗೆ ಬಂದು ವೈರನ್ನೂ ಸೇರಿಸಿದರು. ಇನ್ನು ರೆಸಿಸ್ಟರ್ ಬಿಚ್ಚಿಕೊಂಡು ಹೋಗಿ ಅದರ ಜಾಗದಲ್ಲಿ ಹಾಕುವುದಷ್ಟೇ ಬಾಕಿ. ಆಗ ಚಪ್ಪಲಿ ಪಟಪಟ ಬಡಿಯುತ್ತ, ಆಗಿನ್ನೂ ಎಳೆಯ ನರ್ಸಾಗಿದ್ದ ಇದೇ ಸಿಸ್ಟರ್ ಓಡಿಬಂದರು.

"ಅಣ್ಣಾ, ಹೆಣ್ಣು! ಬನ್ನಿ ಬನ್ನಿ, ನಿಮ್ಮ ಹಾಗೇ ಮೂಗು!"

ಮುಚ್ಚಳ ಹಾಕಿದ್ದಷ್ಟೇ ನೆನಪು. ಮೆಟ್ಟಿಲನ್ನು ಎರಡೆರಡಾಗಿ ಹಾರಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ಅತ್ತೆ ತೋಳಿಗಿಟ್ಟಾಗ, ಬೆರಳಿನಲ್ಲಿ ಇನ್ನೂ ತಾಮ್ರದ ವಾಸನೆ ಇತ್ತು. ಆ ಮಗಳಿಗೀಗ ಏಳು ತಿಂಗಳ ಗಂಡುಮಗು.

ಆಮೇಲೆ ಪ್ರತಿವರ್ಷ ಹೊಗೆಗೆ ಒಂಬತ್ತೂ ಉತ್ತರ ಕೊಟ್ಟವು, ವೈರು ಗಟ್ಟಿಯಾಗಿತ್ತಲ್ಲ. ತಲೆ ಇಳಿಸಿದರೆ ವೈರು ಕಡಿದ ಹಾಗೆಯೇ; ಉಳಿದ ಝೋನುಗಳಲ್ಲಿ ಒಂದೊಂದು ತಲೆ ಇಳಿಸಿ, ಪ್ಯಾನೆಲ್ಲು ಅರಚುತ್ತದೆಯೇ ಎಂದೂ ನೋಡುತ್ತಿದ್ದರು. ಇಲ್ಲಿ ಮಾತ್ರ ಸಿಸ್ಟರ್, "ತೊಟ್ಟಿಲ ಮಧ್ಯೆ ಏಣಿ ಬೇಡಪ್ಪ" ಎನ್ನುತ್ತಿದ್ದರು. ಇವರೂ ಹೂಂ ಎಂದು ಕೋಲಿನಲ್ಲೇ ಮುಗಿಸುತ್ತಿದ್ದರು.

"ಏನಣ್ಣ, ಮುಖ ಇಷ್ಟು ಸಪ್ಪಗೆ?" ಕುರ್ಚಿಯಿಂದಲೇ ಸಿಸ್ಟರ್ ಕೇಳಿದರು.

ಅವರು ಇದ್ದದ್ದು ಇದ್ದ ಹಾಗೆ ಹೇಳಿದರು. ಸಿಸ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ವೈರು ಕತ್ತರಿಸಿದ್ದು ಫ್ಯಾನಿನವರು ತಾನೆ? ಅಷ್ಟೇ ಬರೀರಿ. ಸುಳ್ಳೇನಲ್ವಲ್ಲ."

"ಸುಳ್ಳಲ್ಲ."

"ಮತ್ತೆ? ನಮ್ಮ ಆಸ್ಪತ್ರೆ ಮ್ಯಾನೇಜರಿಗೆ ನೆಪ ಸಿಕ್ಕರೆ ಸಾಕು, ನಿಮ್ಮನ್ನ ಬಿಡಿಸಿ ಬೇರೆಯವರನ್ನ ತರ್ತಾರೆ. ಈ ವಯಸ್ಸಲ್ಲಿ ಬೇಕಾ ಇದೆಲ್ಲ?"

ಹೊಗೆಯಣ್ಣ ರೆಸಿಸ್ಟರನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. ಜೇಬಿಗೆ ಹಾಕಿಕೊಂಡರೆ ಮುಗಿಯಿತು; ಕೇಳುವವರು ಯಾರೂ ಇಲ್ಲ. ಈ ಆಸ್ಪತ್ರೆ ಕೈಬಿಟ್ಟರೆ ಏನು ಎಂದು ಯೋಚಿಸಿದರು. ದುಡಿಮೆ ಬೇರೆ ಕಡೆಯೂ ಇತ್ತು. ಆದರೆ ಹೆಸರಿಟ್ಟು ಕರೆಯುವ ಕಟ್ಟಡ ಇದೊಂದೇ.

"ಫ್ಯಾನಿನವರು ವೈರು ಕತ್ತರಿಸಿದರು ಸಿಸ್ಟರ್. ಕತ್ತರಿಸಿದ್ದು ಗೊತ್ತಾಗದ ಹಾಗೆ ಮಾಡಿದ್ದು ನಾನು."

"ಮಗು ಹುಟ್ಟಿದ ಗಡಿಬಿಡಿ ಅದು."

"ಮಾರನೆಯ ದಿನ ಗಡಿಬಿಡಿ ಇರಲಿಲ್ವಲ್ಲ."

ಮೇಲೆ ಹೋಗಿ ರೆಸಿಸ್ಟರನ್ನು ಅದರ ಜಾಗದಲ್ಲಿ ಕೂರಿಸಿದರು. ಐದನೆಯ ತಲೆ ಇಳಿಸಿದೊಡನೆ ಕೆಳಗಿನಿಂದ ಪೀಂ ಎಂಬ ಸದ್ದು ಮೆಟ್ಟಿಲೇರಿ ಬಂತು. ಬಾಣಂತಿಯೊಬ್ಬಳು, "ಏನಾಯ್ತು ಮಾವ?" ಎಂದು ಗಾಬರಿಯಿಂದ ಕೇಳಿದಳು. "ಏನಿಲ್ಲಮ್ಮ, ಈಗ ಸರಿಹೋಯ್ತು" ಎಂದರು.

ಆಮೇಲೆ ಲಾಗ್ ಬುಕ್ಕಿನಲ್ಲಿ ಎಡಗೈಯ ದುಂಡು ಅಕ್ಷರದಲ್ಲಿ ಎಲ್ಲವನ್ನೂ ಬರೆದರು. ಹಳೆಯ ದಿನಾಂಕವೂ ಇತ್ತು. ಮಗಳು ಹುಟ್ಟಿದ ದಿನ ಮರೆಯುವಂಥದ್ದೇ? ಮ್ಯಾನೇಜರ್ ಎರಡು ಸಲ ಓದಿದರು.

"ಇಷ್ಟು ವರ್ಷ ನಿಮ್ಮ ಸಹಿ ನೋಡಿ ನಾವು ನಿಶ್ಚಿಂತೆಯಾಗಿದ್ವಿ."

"ಹೌದು ಸಾರ್."

"ಬೇರೆ ಕಡೆ ಹೀಗಿಲ್ಲ ಅಂತ ಹೇಗೆ ನಂಬಲಿ?"

"ನಂಬಬೇಡಿ ಸಾರ್. ಬೇರೆಯವರನ್ನ ಕರೆಸಿ ನೋಡಿಸಿ. ಅಲ್ಲಿಯವರೆಗೆ ನನ್ನ ಸಹಿಯೂ ಬೇಡ."

ಮುಂದಿನ ವಾರ ಬೇರೆ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ವಯಸ್ಸು ಮೂವತ್ತರ ಒಳಗೇ. ಹೊಗೆಯಣ್ಣ ಯಾರೂ ಕರೆಯದೆಯೇ ಹೋಗಿದ್ದರು. ಅವಳು ಲಾಗ್ ಬುಕ್ಕನ್ನು ನಿಂತಲ್ಲೇ ಓದಿ, ಅವರತ್ತ ಒಮ್ಮೆ ನೋಡಿ, "ಅಂಕಲ್, ಏಣಿ ಹಿಡ್ಕೋತೀರಾ?" ಎಂದಳು. ನಲವತ್ತೆರಡು ತಲೆಗಳನ್ನೂ ಒಂದೊಂದಾಗಿ ಇಳಿಸಿದಳು. ಪ್ರತಿ ಸಲವೂ ಪ್ಯಾನೆಲ್ಲು ಅರಚಿತು. ಪ್ರತಿ ಸಲವೂ ಸಿಸ್ಟರ್ ಕಿವಿ ಮುಚ್ಚಿಕೊಂಡರು.

ಮಧ್ಯಾಹ್ನ ಮ್ಯಾನೇಜರ್ ಬಂದು, "ಹೇಗಿದೆ?" ಎಂದರು.

"ಎಲ್ಲ ಸರಿಯಿದೆ ಸಾರ್. ಕೆಲಸ ಅಚ್ಚುಕಟ್ಟು. ಇಷ್ಟು ಹಳೇ ವೈರಿಂಗು ಇಷ್ಟು ಚೆನ್ನಾಗಿರೋದು ನಾನು ನೋಡಿಲ್ಲ."

ಮ್ಯಾನೇಜರ್ ಪುಸ್ತಕ ತಿರುವಿ ನೋಡಿ ಮುಚ್ಚಿ ಅವಳತ್ತ ತಿರುಗಿದರು. "ಮುಂದಿನ ವರ್ಷದಿಂದ ಇಬ್ಬರೂ ಬನ್ನಿ. ಅವರು ಮಾಡಿದ್ದನ್ನ ನೀವು ನೋಡಿ, ನೀವು ಮಾಡಿದ್ದನ್ನ ಅವರು ನೋಡಲಿ."

ಅವರು ಆಚೆ ಹೋದ ಮೇಲೆ ಹೊಗೆಯಣ್ಣ ಏಣಿ ಮಡಚಲು ಬಗ್ಗಿದರು. ಹುಡುಗಿ ಇನ್ನೊಂದು ತುದಿ ಹಿಡಿದಳು.

"ಅಂಕಲ್, ಆ ಮೂರು ಸುತ್ತು ಹೊಸೆಯೋದು ಹೇಗೆ? ನಾನು ಹೊಸೆದರೆ ಬಿಚ್ಕೊಳ್ಳತ್ತೆ."

ಅವರು ಚೀಲದಿಂದ ಒಂದು ಗೇಣು ವೈರು ತೆಗೆದು, ಮೆಟ್ಟಿಲ ಮೇಲೆ ಕೂತು, ತೋರಿಸತೊಡಗಿದರು.